ಒಂದು ಪಯಣ, ಎರಡು ಟಿಕೀಟು

ಆಮ್‌ಸ್ಟರ್‌ಡ್ಯಾಮಿನಿಂದ ಸ್ಪೇನ್ ದೇಶದ ಬಾರ್ಸಿಲೋನಾಕ್ಕೆ ರೈಲಿನಲ್ಲಿ ಹೊರಟ ಪ್ರಯಾಣಿಕನು ಸಾಮಾನ್ಯವಾಗಿ ಪ್ಯಾರಿಸಿನಲ್ಲಿ ಗಾಡಿ ಬದಲಾಯಿಸಬೇಕಾಗುತ್ತದೆ. ಅವನನ್ನು ಕರೆತರುವ ಗಾಡಿಯು (2023ರವರೆಗೆ ಅದಕ್ಕೆ ಥಾಲಿಸ್ ಎಂದು ಹೆಸರು, ಈಗ ಅದೂ ಯೂರೋಸ್ಟಾರ್) ನಗರದ ಉತ್ತರ ಭಾಗದ ಗಾರ್ ದ್ಯು ನೋರ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಬಾರ್ಸಿಲೋನಾದ ಗಾಡಿಯಾದರೋ ಸೇನ್ ನದಿಯ ಸಮೀಪದ ಗಾರ್ ದ ಲಿಯೊಂ ನಿಲ್ದಾಣದಿಂದ ಹೊರಡತಕ್ಕದ್ದು. ಇವೆರಡರ ನಡುವಿನ ದಾರಿ ನೆಲದಡಿಯ ರೈಲಿನಲ್ಲಿ ಎರಡನೆಯ ನಿಲುಗಡೆಯಷ್ಟೇ. ಆದರೆ ಹೆಂಡತಿ, ಇಬ್ಬರು ಮಕ್ಕಳು, ಮೂರು ಪೆಟ್ಟಿಗೆಗಳೊಡನೆ ಮೆಟ್ಟಿಲಿಳಿದು ಹತ್ತುವವನಿಗೆ ಆ ಎರಡು ನಿಲುಗಡೆಗಳೇ ಒಂದು ಯಾತ್ರೆ!

ಮೊದಲ ಗಾಡಿ ಒಂದು ಗಂಟೆ ತಡವಾಯಿತೆನ್ನಿ. ಏದುಸಿರು ಬಿಡುತ್ತ ಸಂಸಾರವು ಬಂದು ಸೇರುವಷ್ಟರಲ್ಲಿ ಎರಡನೆಯ ಗಾಡಿ ಹೊರಟುಹೋಗಿದೆ. ಬಾರ್ಸಿಲೋನಾಕ್ಕೆ ನೇರವಾಗಿ ಹೋಗುವ ಗಾಡಿಗಳು ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಕೈಯಲ್ಲಿ ನಾಲ್ಕು ಟಿಕೀಟುಗಳೇನೋ ಉಂಟು. ಅವಕ್ಕೆ ಇನ್ನು ಬೆಲೆಯುಂಟೆ?

ಎಲ್ಲವೂ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ: ಕೊಂಡದ್ದು ಇಡೀ ಪ್ರಯಾಣಕ್ಕೆ ಒಂದೇ ಒಪ್ಪಂದವೋ, ಅಥವಾ ಪ್ಯಾರಿಸಿನವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದೋ?

ಈ ಪ್ರಶ್ನೆಯು ರೈಲಿನಷ್ಟೇ ಹಳೆಯದು. ಇಂಗ್ಲೆಂಡಿನಲ್ಲಿ ಹಳಿಗಳು ಬೇರೆಬೇರೆ ಕಂಪೆನಿಗಳ ಸ್ವತ್ತಾಗಿದ್ದ ಕಾಲದಲ್ಲಿ, 1842ರಲ್ಲಿ, ಲಂಡನ್ನಿನಲ್ಲಿ ಒಂದು ಲೆಕ್ಕಾಚಾರದ ಕಚೇರಿ ತೆರೆಯಿತು. ಒಂದೇ ಟಿಕೀಟಿನ ಮೇಲೆ ಹಲವು ಕಂಪೆನಿಗಳ ಹಳಿಗಳಲ್ಲಿ ಸಂಚರಿಸಿದವನ ಹಣವನ್ನು ಅವರವರ ಪಾಲಿಗೆ ಹಂಚುವುದೇ ಅದರ ಕೆಲಸ. ಥಾಮಸ್ ಎಡ್ಮಂಡ್‌ಸನ್ ಎಂಬ ಸ್ಟೇಷನ್ ಮಾಸ್ತರನು ರೂಪಿಸಿದ, ಕ್ರಮಸಂಖ್ಯೆ ಅಚ್ಚಾದ ರಟ್ಟಿನ ಚೀಟಿಯು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿತ್ತು. ಭಾರತದ ನಿಲ್ದಾಣಗಳ ಕಿಟಕಿಗಳಲ್ಲಿ ಬಹುಕಾಲ ಮಾರಾಟವಾದದ್ದೂ ಅದೇ ಜಾತಿಯ ಚೀಟಿ. ಮುಂದೆ ಯೂರೋಪಿನ ರಾಷ್ಟ್ರಗಳು 1924ರಲ್ಲಿ ಪ್ರಯಾಣಿಕರ ಸಲುವಾಗಿ ಅಂತರರಾಷ್ಟ್ರೀಯ ಒಡಂಬಡಿಕೆಯನ್ನೇ ಮಾಡಿಕೊಂಡವು.

ಹಾಗಿದ್ದೂ ತೊಡಕು ಮರಳಿ ಬಂದುದು ವೇಗದ ಗಾಡಿಗಳಿಂದ. ಪ್ರತಿ ಗಾಡಿಗೂ ಅದರದೇ ಕಾದಿರಿಸಿದ ಆಸನ, ಬೇಡಿಕೆಗೆ ತಕ್ಕಂತೆ ಏರುವ ದರ, ಅಗ್ಗದ ಟಿಕೀಟಾದರೆ ಆ ಗಾಡಿಗೆ ಮಾತ್ರ ಸಲ್ಲತಕ್ಕದ್ದೆಂಬ ನಿಬಂಧನೆ. ಸ್ವಿಟ್ಸರ್ಲೆಂಡಿನವರ ರೀತಿ ಬೇರೆ. 1982ರಿಂದ ಅಲ್ಲಿ ಗಾಡಿಗಳು ಗಡಿಯಾರಕ್ಕೆ ಕಟ್ಟಿದಂತೆ ನಿಯತ ಅಂತರದಲ್ಲಿ ಓಡುತ್ತವೆ. ಸಾಮಾನ್ಯ ಟಿಕೀಟು ಆ ದಿನದ ಯಾವ ಗಾಡಿಗಾದರೂ ಸಲ್ಲುವುದರಿಂದ ಒಂದು ತಪ್ಪಿದರೆ ಇನ್ನೊಂದು. ಪ್ಯಾರಿಸಿನಲ್ಲಿ ಅಂತಹ ಸುಖವಿಲ್ಲ.

ಇಲ್ಲಿ ಕೈಹಿಡಿಯುವುದು ಕಾಯಿದೆ. ಯೂರೋಪಿನ ಒಕ್ಕೂಟದಲ್ಲಿ 2023ರ ಜೂನ್ 7ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಇಡೀ ಪ್ರಯಾಣಕ್ಕೆ ಒಂದೇ ಒಪ್ಪಂದವಿದ್ದರೆ, ಸಂಪರ್ಕ ತಪ್ಪಿದವನನ್ನು ಹೆಚ್ಚಿನ ಹಣ ಕೇಳದೆ ಗುರಿ ಮುಟ್ಟಿಸುವುದು ರೈಲ್ವೆಯ ಹೊಣೆ. ರಾತ್ರಿ ತಂಗಬೇಕಾದರೆ, ಸಾಧ್ಯವಿದ್ದಲ್ಲಿ, ವಸತಿಯನ್ನೂ ಒದಗಿಸಬೇಕು. ಗುರಿ ತಲುಪುವುದು 60ರಿಂದ 119 ನಿಮಿಷ ತಡವಾದರೆ ಟಿಕೀಟಿನ ಬೆಲೆಯ ಕಾಲು ಭಾಗ, 120 ನಿಮಿಷ ಮೀರಿದರೆ ಅರ್ಧ ಭಾಗ ಪರಿಹಾರ. ಅಸಾಧಾರಣ ಬಿರುಗಾಳಿಯ ನೆಪ ಹೇಳಿ ಪರಿಹಾರದಿಂದ ತಪ್ಪಿಸಿಕೊಳ್ಳಬಹುದು. ತಮ್ಮದೇ ನೌಕರರ ಮುಷ್ಕರದ ನೆಪ ಹೇಳುವಂತಿಲ್ಲ. ಈ ಕಡೆಯ ಮಾತನ್ನು ಬರೆದವರು ರೈಲ್ವೆಯವರನ್ನು ಚೆನ್ನಾಗಿ ಬಲ್ಲವರೇ ಇರಬೇಕು.

ಆದರೆ ತನ್ನ ಗಾಡಿಗಳನ್ನು ಹೀಗೆ ಒಂದೇ ಟಿಕೀಟಿನಲ್ಲಿ ಜೋಡಿಸಿ ಕೊಡಲೇಬೇಕೆಂಬ ಕಟ್ಟು ಇರುವುದು ಒಂದೇ ಕಂಪೆನಿಗೆ ಸೇರಿದ ಗಾಡಿಗಳಿಗೆ ಮಾತ್ರ. ಕಂಪೆನಿ ಬದಲಾದೊಡನೆ ಕಟ್ಟು ಸಡಿಲುತ್ತದೆ. ಬೇರೆಬೇರೆ ಟಿಕೀಟುಗಳನ್ನು ತಾನಾಗಿಯೇ ಜೋಡಿಸಿ, ಒಂದೇ ವ್ಯವಹಾರದಲ್ಲಿ ಮಾರಿದ ದಲ್ಲಾಳಿಯು, ಸಂಪರ್ಕ ತಪ್ಪಿದಾಗ ಪೂರ್ತಿ ಹಣವನ್ನೂ ಅದರ ಮೇಲೆ ಶೇಕಡಾ 75ರಷ್ಟು ಪರಿಹಾರವನ್ನೂ ತೆರಬೇಕೆಂದು ಕಾಯಿದೆ ಹೇಳುತ್ತದೆ. ಕೇಳಲು ಬಲು ಹಿತ. ಆದರೆ ‘ಇವು ಪ್ರತ್ಯೇಕ ಒಪ್ಪಂದಗಳು’ ಎಂದು ಟಿಕೀಟಿನ ಮೇಲೆ ನಮೂದಿಸಿ, ಕೊಳ್ಳುವ ಮೊದಲೇ ತಿಳಿಸಿದ್ದರೆ ಆ ಹೊಣೆ ಇಲ್ಲ. ಆ ಒಂದು ಸಾಲಿನ ಮೇಲೆ ನೂರಾರು ಯೂರೋಗಳು ನಿಂತಿರುತ್ತವೆ. ಅದನ್ನು ಓದುವವರಾದರೂ ಎಷ್ಟು ಮಂದಿ?

ಪ್ರತ್ಯೇಕ ಟಿಕೀಟಿನವರು ತೀರ ಅನಾಥರೂ ಅಲ್ಲ. ಹಲವು ರೈಲ್ವೆಗಳು ತಮ್ಮೊಳಗೆ ಒಂದು ಸೌಜನ್ಯದ ಏರ್ಪಾಟು ಮಾಡಿಕೊಂಡಿವೆ: ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಮೊದಲ ಗಾಡಿಯ ವಿಳಂಬದಿಂದ ಎರಡನೆಯದು ತಪ್ಪಿದರೆ, ಆ ಕಂಪೆನಿಯದೇ ಮುಂದಿನ ಗಾಡಿಯಲ್ಲಿ, ಜಾಗವಿದ್ದರೆ, ಹೊಸ ಟಿಕೀಟಿಲ್ಲದೆ ಹೋಗಗೊಡುವುದು. ಗಾಡಿ ಬದಲಾವಣೆಗೆ ಸಾಕಷ್ಟು ಬಿಡುವು ಇಟ್ಟುಕೊಂಡಿರಬೇಕು, ವಿಳಂಬಕ್ಕೆ ರುಜುವಾತು ಇರಬೇಕು. ಆದುದರಿಂದ ತಿಳಿದವರು ತಡವಾದ ಗಾಡಿಯಿಂದ ಇಳಿಯುವ ಮೊದಲೇ ಗಾರ್ಡನನ್ನು ಹುಡುಕಿ ವಿಳಂಬದ ದಾಖಲೆ ಪಡೆಯುತ್ತಾರೆ. ಇಳಿದ ಮೇಲೆ ನೆನಪಾದರೆ ಗಾರ್ ದ್ಯು ನೋರಿನ ವಿಚಾರಣೆಯ ಕಿಟಕಿಯಿದೆ. ಅಲ್ಲಿಯ ಸಾಲು ಮಾತ್ರ ಚಿಕ್ಕದಲ್ಲ, ಮಕ್ಕಳು ಆಗಲೇ ಪೆಟ್ಟಿಗೆಗಳ ಮೇಲೆ ತೂಕಡಿಸುತ್ತಿರುತ್ತಾರೆ.