ಯಾವ ಉಚ್ಚಾರವನ್ನು ತಿದ್ದಬೇಕು?

ಠಾಣೆ, ಡೊಂಬಿವಲಿ, ಕಲ್ಯಾಣದ ಹಿಂದಿ ಭಾಷಿಕ ಯುವಜನ ನವಿ ಮುಂಬಯಿಯ ಐರೋಲಿ, ಮಹಾಪೆಯ ಕಚೇರಿಗಳಲ್ಲಿ ಇಂಗ್ಲಿಷ್ ಆಡಿದಾಗ ಮೊದಲು ನಗೆಗೆ ಗುರಿಯಾಗುವುದು ‘ಇಸ್ಕೂಲ್’. ಆ ನಗು ಅನ್ಯಾಯದ್ದು. ಅವಧಿ, ಭೋಜಪುರಿ ಮನೆಮಾತಿನವರಲ್ಲಿ ಪದದ ಮೊದಲ ಸಕಾರಕ್ಕೆ ಒತ್ತಕ್ಷರ ಸೇರಿದರೆ ಮುಂದೊಂದು ಸ್ವರ ತಾನಾಗಿ ಬರುತ್ತದೆ. ‘ಸ್ತ್ರೀ’ ಕೂಡ ‘ಇಸ್ತಿರಿ’ಯಾಗುತ್ತದೆ. ಅದರಿಂದ ಅರ್ಥವೇನೂ ಕೆಡದು. ಕೆಡುವುದು ಬೇರೆಡೆ. ಹಿಂದಿಯ ಬರವಣಿಗೆಯಲ್ಲಿ ನಮ್ಮ ಎ–ಏ ಭೇದವಿಲ್ಲ, ಹಾಗಾಗಿ ಬರೆಯುವ ‘ಪೆನ್’ ನೋವಿನ ‘ಪೇನ್’ ಆಗಿ ಕೇಳಬಹುದು. ಕನ್ನಡಿಗರಿಗೆ ಇದು ಸಲೀಸು. ಆದರೆ ‘ವ’ ಒಂದೇ ಇರುವುದರಿಂದ, ದ್ರಾಕ್ಷಿಬಳ್ಳಿಯ ‘ವೈನ್’ ಮತ್ತು ಮದ್ಯದ ‘ವೈನ್’ ನಮ್ಮ ಬಾಯಲ್ಲೂ ಒಂದೇ. ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಮದ್ಯಕ್ಕೆ ತುಟಿ ದುಂಡಗಾಗಬೇಕು.

ಭಾರತೀಯ ಇಂಗ್ಲಿಷೂ ಒಂದು ಬಗೆಯೇ, ತಿದ್ದುವುದೇಕೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ, ಲಂಡನ್ನಿನ ರಾಗವನ್ನು ಯಾರೂ ಕಲಿಯಬೇಕಿಲ್ಲ. ಆದರೆ ಪದದ ಮೊದಲ ‘ಪ’ವನ್ನು ಉಸಿರಿಲ್ಲದೆ ನುಡಿದರೆ ಇಂಗ್ಲಿಷರ ಕಿವಿಗೆ ‘ಪಿನ್’ ‘ಬಿನ್’ ಎಂದು ಕೇಳಬಹುದು. ಫೋನಿನಲ್ಲಿ ಮುಖ ನೋಡಿ ಊಹಿಸುವ ಅವಕಾಶವೂ ಇಲ್ಲ. ಆದ್ದರಿಂದ ಇಂಥ ಕಚೇರಿಗಳ ಉಚ್ಚಾರ ತರಬೇತಿಯ ಹೊತ್ತೆಲ್ಲ ‘ಇಸ್ಕೂಲ್’ ತಿದ್ದಲು ಹೋಗದೆ ಇಂಥ ಜೋಡಿಗಳನ್ನು ಕೇಳಿಸಿ, ನುಡಿಸಲು ಮೀಸಲಾಗಲಿ.