ಹತ್ತು ಪಿನ್ನು, ಹತ್ತು ದಾರ, ಒಂದು ತಾಟು ಊಟ

ಊಟಕ್ಕೆಂದು ಆಟೋ ನಗರಕ್ಕೆ ಹೋಗುವ ರೂಢಿ ಬೆಳಗಾವಿಯವರಿಗೆ ಇರಲಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿ ಮುರಿದಾಗ, ಕಾರಿಗೆ ಡೆಂಟಿಂಗ್-ಪೇಂಟಿಂಗ್ ಮಾಡಿಸುವುದಿದ್ದಾಗ, ಟ್ರ್ಯಾಕ್ಟರ್ ಟ್ರೇಲರಿಗೆ ವೆಲ್ಡಿಂಗ್ ಹಾಕಿಸುವಾಗ ಅತ್ತ ಹೋಗುತ್ತಿದ್ದರು. ಕೆಲಸ ಮುಗಿಯುವ ತನಕ ಚಹಾದ ಗಾಡಿಯ ಹತ್ತಿರ ನಿಂತು ಕಾಯುತ್ತಿದ್ದರು. ಅಲ್ಲಿ ಕೆಎಸ್‌ಸಿಎ ಕ್ರೀಡಾಂಗಣ ಎದ್ದ ಮೇಲೆ ಕ್ರಿಕೆಟ್ ಪ್ರಿಯರೂ ಆ ರಸ್ತೆ ಹಿಡಿದರು. 2019ರ ಮೇ ತಿಂಗಳಲ್ಲಿ ಶ್ರೀಲಂಕಾ ‘ಎ’ ತಂಡದ ವಿರುದ್ಧ ಅಭಿಮನ್ಯು ಈಶ್ವರನ್ 233 ರನ್ ಹೊಡೆದದ್ದು, ಮುಂದಿನ ತಿಂಗಳು ಋತುರಾಜ್ ಗಾಯಕವಾಡ ಅಜೇಯ 187 ಬಾರಿಸಿದ್ದು ನಮ್ಮೂರಲ್ಲೇ. ಈಗ ಆ ಕಡೆಗೆ ಜನ ಮಕ್ಕಳುಮರಿ ಕಟ್ಟಿಕೊಂಡು ಊಟಕ್ಕೂ ಹೊರಡುತ್ತಿದ್ದಾರೆ. ಒಂದೇ ಸೂರಿನಡಿ ಊಟ, ಚೆಂಡು ಉರುಳಿಸಿ ಹತ್ತು ಪಿನ್ನು ಕೆಡವುವ ಟೆನ್‌ಪಿನ್ ಬೌಲಿಂಗ್, ವಿಡಿಯೊ ಗೇಮು ಎಲ್ಲ ಸಿಗುವ ಹೋಟೆಲ್ ಸಂಸ್ಕೃತಿ ಬೆಂಗಳೂರು ದಾಟಿ ಇಲ್ಲಿಗೂ ಬಂದಿದೆ.

ಇಂಥ ಜಾಗದ ಬಗ್ಗೆ ರುಚಿ ಹೇಗೆ, ದರ ಎಷ್ಟು, ಪಾರ್ಕಿಂಗ್ ಇದೆಯೋ ಇಲ್ಲವೋ ಎಂದು ಬರೆದು ಮುಗಿಸಬಹುದು. ನನಗೆ ಅಷ್ಟಕ್ಕೆ ನಿಲ್ಲಿಸಲು ಮನಸ್ಸಿಲ್ಲ. ಆಟೋ ನಗರದ ಅಂಥದೊಂದು ಹೋಟೆಲಿನಲ್ಲಿ ಕಂಡ ಒಂದು ಯಂತ್ರ ಇನ್ನೂ ತಲೆಯಲ್ಲಿ ತಿರುಗುತ್ತಿದೆ. ಅದಕ್ಕೂ ನಮ್ಮ ಬೆಳಗಾವಿಗೂ ಇರುವ ನಂಟನ್ನು ಓದುಗರ ಮುಂದಿಡಬೇಕು ಅನ್ನಿಸಿದೆ.

ಆ ಹೋಟೆಲಿನ ಒಳಗೆ ಹೋದರೆ ಟೇಬಲ್ಲುಗಳ ಪಕ್ಕದಲ್ಲೇ ಬೌಲಿಂಗ್ ಲೇನುಗಳು. ವೇಟರ್ ಪನೀರ್ ಚಿಲ್ಲಿ ತಂದಿಡುವಷ್ಟರಲ್ಲಿ ಒಬ್ಬರು ಎದ್ದು ಹೋಗಿ ಚೆಂಡು ಉರುಳಿಸಿ ಬಂದು ಕೂತಿರುತ್ತಾರೆ. ಪಕ್ಕದ ಲೇನಿನಲ್ಲಿ ಮೂರು ತಲೆಮಾರಿನ ಒಂದು ಕುಟುಂಬ. ಇಳಕಲ್ ಸೀರೆಯ ಅಜ್ಜಿ ಬಾಡಿಗೆ ಬೂಟು ಹಾಕಿಕೊಂಡು, ಸೆರಗು ಸಿಕ್ಕಿಸಿ, ಮೊಮ್ಮಗನ ಜೊತೆ ಕಬ್ಬಿಣದ ಇಳಿಜಾರು ಚೌಕಟ್ಟಿನ ಹಿಂದೆ ನಿಂತಿದ್ದರು. ಚೆಂಡು ಎತ್ತಲಾಗದ ಮಕ್ಕಳಿಗಾಗಿ ಇಟ್ಟ ಸಾಧನ ಅದು. ಮೇಲಿಟ್ಟ ಚೆಂಡನ್ನು ಅಂಗೈಯಿಂದ ಮೆಲ್ಲಗೆ ನೂಕಿದರೆ ಸಾಕು. ಲೇನಿನ ಎರಡೂ ಬದಿಗೆ ತಡೆಗೋಲು ಎಬ್ಬಿಸಿದ್ದರಿಂದ ಚೆಂಡು ಗಟಾರಕ್ಕೆ ಬೀಳದೆ, ಅತ್ತಿತ್ತ ಬಡಿಯುತ್ತ, ಆರಾಮಾಗಿ ಸಾಗಿ ಏಳು ಪಿನ್ನು ಕೆಡವಿತು. “ಎಲ್ಲಾ ಯಾಕ ಬೀಳಲಿಲ್ಲೋ?” ಎಂದು ಅಜ್ಜಿ ಕೇಳಿದರು. ಹುಡುಗನಿಗೆ ಉತ್ತರ ಗೊತ್ತಿರಲಿಲ್ಲ. ಬಹಳ ಒಳ್ಳೆಯ ಪ್ರಶ್ನೆ ಅದು.

ಚೆಂಡು ಬಿಡುವವರು ದಾಟಬಾರದ ಫೌಲ್ ಗೆರೆಯಿಂದ ಎಲ್ಲಕ್ಕಿಂತ ಮುಂದಿನ ಪಿನ್ನಿಗೆ 60 ಅಡಿ. ಲೇನಿನ ಅಗಲ ಮೂರೂವರೆ ಅಡಿ. ಪಿನ್ನಿನ ಎತ್ತರ 15 ಇಂಚು, ತೂಕ ಒಂದೂವರೆ ಕಿಲೋದ ಆಸುಪಾಸು. ಚೆಂಡು 6 ಪೌಂಡಿನಿಂದ 16 ಪೌಂಡಿನವರೆಗೆ ಇರುತ್ತದೆ, ಅಂದರೆ ಅತಿ ಭಾರದ್ದು ಏಳೂಕಾಲು ಕಿಲೋ. ಆದರೂ ಒಂದೇ ಏಟಿಗೆ ಹತ್ತೂ ಉರುಳುವ ಸ್ಟ್ರೈಕ್ ಬರೀ ಬಲದಿಂದ ಬರುವುದಿಲ್ಲ. ಬಲಗೈ ಆಟಗಾರನ ಪಕ್ಕಾ ಸ್ಟ್ರೈಕಿನಲ್ಲಿ ಚೆಂಡು ತಾನೇ ತಾಗುವುದು 1, 3, 5 ಮತ್ತು 9ನೇ ಪಿನ್ನುಗಳಿಗೆ ಮಾತ್ರ. ಉಳಿದ ಆರನ್ನು ಪಿನ್ನುಗಳೇ ಒಂದನ್ನೊಂದು ಕೆಡವಬೇಕು. ಅದಕ್ಕೆ ಚೆಂಡು ನಟ್ಟನಡುವೆ ನೇರ ಹೋದರೆ ಸಾಲದು. ಮೊದಲ ಮತ್ತು ಮೂರನೇ ಪಿನ್ನಿನ ನಡುವಿನ ಸಂದಿಗೆ ಸುಮಾರು ಆರು ಡಿಗ್ರಿ ಓರೆಯಾಗಿ ನುಗ್ಗಬೇಕು. ಲೇನಿನ ಮುಂಭಾಗಕ್ಕೆ ಸವರಿದ, ಕಣ್ಣಿಗೆ ಕಾಣದ ಎಣ್ಣೆ ಚೆಂಡನ್ನು ಜಾರಿಸಿಕೊಂಡು ಹೋಗುತ್ತದೆ. ಎಣ್ಣೆ ಮುಗಿದ ಕಡೆ ಚೆಂಡು ನೆಲ ಹಿಡಿದು ಒಳಕ್ಕೆ ತಿರುಗುತ್ತದೆ. ಬಾಡಿಗೆ ಬೂಟು ಕೊಡುವುದಕ್ಕೂ ಕಾರಣವಿದೆ. ಅಟ್ಟೆ ಹದವಾಗಿ ಜಾರಬೇಕು, ರಸ್ತೆಯ ಧೂಳು ಲೇನಿಗೆ ಬರಬಾರದು.

ಅಜ್ಜಿಯ ಚೆಂಡು ಬಡಿದಾಗ ನಾನು ಪಿನ್ನುಗಳನ್ನು ನೆಟ್ಟ ನೋಟದಿಂದ ನೋಡಿದೆ. ಪ್ರತಿಯೊಂದರ ನೆತ್ತಿಯಿಂದಲೂ ಒಂದು ಕಪ್ಪು ದಾರ ಮೇಲಕ್ಕೆ ಹೋಗಿತ್ತು. ಮುಂದೆ ಇಳಿಬಿಟ್ಟಿದ್ದ ಬಣ್ಣದ ಹಲಗೆಯ ಹಿಂದೆ ಆ ದಾರಗಳೆಲ್ಲ ಮಾಯವಾಗುತ್ತಿದ್ದವು. ಬಿದ್ದ ಏಳು, ನಿಂತ ಮೂರು, ಹತ್ತೂ ಒಟ್ಟಿಗೆ ಮೇಲೇರಿದವು. ಮೂರು ಮಾತ್ರ ಕೆಳಗಿಳಿದು ತಮ್ಮ ಜಾಗದಲ್ಲೇ ನಿಂತವು. ಯಾವುದು ಬಿದ್ದಿತ್ತು, ಯಾವುದು ನಿಂತಿತ್ತು ಎಂದು ಯಂತ್ರಕ್ಕೆ ತಿಳಿದದ್ದು ಹೇಗೆ? ಯಂತ್ರ ನೋಡಿಕೊಳ್ಳುವ ಹುಡುಗನನ್ನು ಕೇಳಿದೆ. ಅವನು ಸ್ಕ್ರೂಡ್ರೈವರ್ ಕಿಸೆಗೆ ಹಾಕಿಕೊಂಡು, “ಬರ್ರಿ ಸರ, ಹಿಂದ ತೋರಸ್ತೀನಿ” ಎಂದ.

ಲೇನಿನ ಪಕ್ಕದ ಕಿರಿದಾದ ಓಣಿಯಲ್ಲಿ ನಡೆದು ಬಾಗಿಲು ತೆಗೆದರೆ ಸಂಗೀತ, ದೀಪ, ಮಸಾಲೆಯ ವಾಸನೆ ಎಲ್ಲ ಹಿಂದೆ ಉಳಿದವು. ಗ್ರೀಸು, ಬಿಸಿಯಾದ ಮೋಟರು, ರಬ್ಬರಿನ ವಾಸನೆ. ಆಟೋ ನಗರದ ಯಾವುದೇ ಗ್ಯಾರೇಜಿಗೆ ಹೊಕ್ಕಂತೆ ಆಯಿತು. ಪ್ರತಿ ಲೇನಿನ ಮೇಲೂ ಒಂದು ಯಂತ್ರ, ಅದರಲ್ಲಿ ಸಾಲಾಗಿ ರಾಟೆಗಳು, ರಾಟೆಯ ಮೇಲೆ ಹಾದು ಬಂದ ಹತ್ತು ದಾರ. “ಪಿನ್ನು ಬಿತ್ತಂದ್ರ ದಾರ ಎಳಕೋತದ ನೋಡ್ರಿ. ದಾರ ಎಳೀತಂದ್ರ ಇಲ್ಲಿ ಸ್ವಿಚ್ ಒತ್ತತದ. ಬಿದ್ದದ್ದು ಯಾವ್ದು ಅಂತ ಬೋರ್ಡಿಗೆ ತಿಳೀತದ,” ಎಂದು ಬೆರಳಿಟ್ಟು ತೋರಿಸಿದ. ನಿಂತ ಪಿನ್ನಿನ ದಾರ ಸಡಿಲವಾಗೇ ಇರುತ್ತದೆ. ಮೋಟರು ತಿರುಗಿದಾಗ ಹತ್ತೂ ಮೇಲೇರಿ ಒಂದೊಂದು ಕೊಳವೆಬಾಯಿಗೆ ಹೊಕ್ಕು ನೆಟ್ಟಗಾಗುತ್ತವೆ, ಸಿಕ್ಕು ಬಿಡಿಸಿಕೊಳ್ಳುತ್ತವೆ. ಬಿದ್ದವುಗಳನ್ನು ಮೇಲೇ ಹಿಡಿದು ನಿಂತವುಗಳನ್ನಷ್ಟೇ ಯಂತ್ರ ಇಳಿಸುತ್ತದೆ. ಅಷ್ಟರಲ್ಲಿ ಚೆಂಡು ಹಿಂದಿನ ಗುಂಡಿಯಿಂದ ಎತ್ತಿಸಿಕೊಂಡು ಲೇನಿನ ಪಕ್ಕದ ಹಳಿಯ ಮೇಲೆ ಉರುಳಿ ಆಡುವವರ ಕೈಗೆ ವಾಪಸು ಹೋಗುತ್ತದೆ.

ಆ ಹುಡುಗ ಇದಕ್ಕೆ ಮೊದಲು ಲಾರಿ ಗ್ಯಾರೇಜಿನಲ್ಲಿದ್ದನಂತೆ. “ದಾರ ತಿರಿವಿಕೊಂಡ್ರ ಬಿಡಸಬೇಕು, ಸವದಿತ್ತಂದ್ರ ಬದಲಿ ಮಾಡಬೇಕು. ಬೆಲ್ಟು, ಬೇರಿಂಗು, ಗೇರ್ ಬಾಕ್ಸು ಅಂತೂ ನಮಗ ಗೊತ್ತಿದ್ದದ್ದ ಐತ್ರಿ” ಎಂದ. ಈ ಮಾತು ಕೇಳಿದಾಗಿನಿಂದ ನಾನು ಪಿನ್ನು ನಿಲ್ಲಿಸುವ ಯಂತ್ರದ ಬೆನ್ನು ಹತ್ತಿದ್ದೇನೆ.

ಅದರ ಚರಿತ್ರೆ ಚಿಕ್ಕದಾಗಿ ಹೇಳುವೆ. ಯಂತ್ರ ಬರುವ ಮೊದಲು ಅಮೆರಿಕದಲ್ಲಿ ಬಿದ್ದ ಪಿನ್ನುಗಳನ್ನು ಕೈಯಿಂದ ಎತ್ತಿ ನಿಲ್ಲಿಸುತ್ತಿದ್ದವರು ಬಡವರ ಮನೆಯ ಹುಡುಗರು. ಬಾಲಕಾರ್ಮಿಕರ ಬದುಕನ್ನು ಜಗತ್ತಿಗೆ ತೋರಿಸಿದ ಲೂಯಿಸ್ ಹೈನ್ 1910ರ ಆಸುಪಾಸಿನಲ್ಲಿ ತೆಗೆದ ಫೋಟೊಗಳಲ್ಲಿ ಈ ಹುಡುಗರೂ ಇದ್ದಾರೆ. ಮಧ್ಯರಾತ್ರಿವರೆಗೆ ದುಡಿಯುತ್ತಿದ್ದ, ಹಾರಿ ಬರುವ ಪಿನ್ನಿನಿಂದ ಮೈ ಉಳಿಸಿಕೊಳ್ಳಬೇಕಿದ್ದ ಮಕ್ಕಳು ಅವರು. ಗಾಟ್‌ಫ್ರೀಡ್ ಶ್ಮಿಟ್ ಎಂಬಾತ ಪಿನ್ನು ಎತ್ತುವ ಯಂತ್ರ ಕಂಡುಹಿಡಿದ. ಎಎಂಎಫ್ ಕಂಪನಿ ಅದರ ಹಕ್ಕು ಕೊಂಡು, 1946ರಲ್ಲಿ ಬಫಲೊ ನಗರದಲ್ಲಿ ಪ್ರದರ್ಶಿಸಿ, 1950ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ತಂದಿತು. ದಶಕದ ನಡುವಿಗೆ ಬ್ರನ್ಸ್‌ವಿಕ್ ಕಂಪನಿಯೂ ತನ್ನ ಯಂತ್ರ ಇಳಿಸಿತು. ಹುಡುಗರು ಲೇನಿನ ಹಿಂದಿನ ಗುಂಡಿಯಿಂದ ಹೊರಬಂದರು. ಬೌಲಿಂಗ್ ಮನೆಮಂದಿಯೆಲ್ಲ ಕೂಡಿ ಆಡುವ ಆಟವಾಯಿತು.

ಈ ಎರಡು ಕಂಪನಿಗಳ ಮೂಲ ನೋಡಿ. ಬ್ರನ್ಸ್‌ವಿಕ್ ಹುಟ್ಟಿದ್ದು 1845ರಲ್ಲಿ ಸಿನ್ಸಿನಾಟಿಯಲ್ಲಿ. ಸ್ವಿಟ್ಜರ್‌ಲೆಂಡಿನಿಂದ ವಲಸೆ ಹೋದ ಜಾನ್ ಬ್ರನ್ಸ್‌ವಿಕ್ ಕುದುರೆಗಾಡಿ ಕಟ್ಟುವ ಕಸುಬಿನವನು. ಗಾಡಿ ಕಟ್ಟುವ ಕೈಯೇ ಬಿಲಿಯರ್ಡ್ಸ್ ಮೇಜು ಮಾಡಿತು, ಮುಂದೆ ಆ ಕಂಪನಿ ಬೌಲಿಂಗಿಗೆ ಬಂತು. ಇನ್ನು ಎಎಂಎಫ್ ಎಂದರೆ ಅಮೆರಿಕನ್ ಮಷೀನ್ ಆ್ಯಂಡ್ ಫೌಂಡ್ರಿ. 1900ರಲ್ಲಿ ಶುರುವಾದಾಗ ಅದು ಮಾಡುತ್ತಿದ್ದದ್ದು ಸಿಗರೇಟು, ತಂಬಾಕಿನ ಯಂತ್ರ. ವಾಹನ, ಫೌಂಡ್ರಿ, ತಂಬಾಕು! ಬೆಳಗಾವಿ ಜಿಲ್ಲೆಯವರಿಗೆ ಈ ಮೂರೂ ಹೊಸತಲ್ಲ. ವಾಹನಕ್ಕೆ ಆಟೋ ನಗರವಿದೆ, ಎರಕಕ್ಕೆ ಉದ್ಯಮಬಾಗವಿದೆ, ತಂಬಾಕಿಗೆ ನಿಪ್ಪಾಣಿ ಇದೆ. ಹೈಡ್ರಾಲಿಕ್ಸ್‌ಗೆ ಮಚ್ಛೆಯ ಪಾಲಿಹೈಡ್ರಾನ್ ಹೆಸರಾಗಿದೆ, ಹತ್ತರಗಿಯ ಏಕಸ್‌ನಲ್ಲಿ ವಿಮಾನದ ಬಿಡಿಭಾಗಗಳೇ ತಯಾರಾಗುತ್ತವೆ. ವಿಮಾನದ ಭಾಗ ಕಡೆಯುವ ಜಿಲ್ಲೆಗೆ ಹತ್ತು ರಾಟೆ, ಹತ್ತು ದಾರದ ಯಂತ್ರ ಯಾವ ಲೆಕ್ಕ?

ಬೌಲಿಂಗ್ ಬಲ್ಲವರು ಇಲ್ಲಿ ತಕರಾರು ತೆಗೆಯುತ್ತಾರೆ. ದಾರ ಕಟ್ಟಿದ ಪಿನ್ನು ಅಸಲಿ ಬೌಲಿಂಗ್ ಅಲ್ಲ ಎಂಬ ವಾದ ಹಳೆಯದು. ಹಳೆ ಪದ್ಧತಿಯ ಯಂತ್ರದಲ್ಲಿ ಪಿನ್ನುಗಳು ದಾರವಿಲ್ಲದೆ ಬಿದ್ದು, ಬೆಲ್ಟಿನ ಮೇಲೆ ಸಾಗಿ, ಚಕ್ರದಿಂದ ಎತ್ತಲ್ಪಟ್ಟು, ಮತ್ತೆ ಸಾಲಿಗೆ ಬರುತ್ತವೆ. ಅದರೊಳಗೆ ಸಾವಿರಾರು ಬಿಡಿಭಾಗ. ಕೆಟ್ಟರೆ ನುರಿತ ಮೆಕ್ಯಾನಿಕ್ಕೇ ಬೇಕು, ವಿದ್ಯುತ್ತೂ ಹೆಚ್ಚು ಎಳೆಯುತ್ತದೆ. ದಾರದ ಯಂತ್ರದಲ್ಲಿ ಪಿನ್ನು ಹಾರುವ ಸ್ವಾತಂತ್ರ್ಯ ಕಡಿಮೆ, ಹೀಗಾಗಿ ಸ್ಟ್ರೈಕೂ ಕಡಿಮೆ. ಅಮೆರಿಕದಲ್ಲಿ ಈ ಆಟದ ಆಡಳಿತ ನೋಡುವ ಸಂಸ್ಥೆ ಬೌಲಿಂಗ್ ಕಾಂಗ್ರೆಸ್ ಪರೀಕ್ಷೆ ನಡೆಸಿ ಈ ವ್ಯತ್ಯಾಸ ನಿಜವೆಂದು ಕಂಡುಕೊಂಡಿದೆ. 2023ರಲ್ಲಿ ದಾರದ ಬೌಲಿಂಗಿಗೆ ಮಾನ್ಯತೆ ಕೊಟ್ಟಾಗಲೂ ಅದನ್ನು ಪ್ರತ್ಯೇಕ ವರ್ಗವಾಗೇ ಇಟ್ಟಿತು. ಅದು ನ್ಯಾಯವಾದ ತೀರ್ಮಾನ. ಪಂದ್ಯಾವಳಿಗೆ ದಾರವಿಲ್ಲದ ಪಿನ್ನೇ ಸರಿ. ಆದರೆ ಊಟದ ನಡುವೆ ಆಡುವ ಅಜ್ಜಿ-ಮೊಮ್ಮಕ್ಕಳಿಗೆ ಯಂತ್ರ ಕೆಡದೆ ನಡೆಯುವುದೇ ಮುಖ್ಯ. ಜರ್ಮನಿಯ ಒಂಬತ್ತು ಪಿನ್ನಿನ ಆಟ ದಶಕಗಳಿಂದ ದಾರದ ಮೇಲೆಯೇ ನಡೆದಿದೆ, ಅಲ್ಲಿ ಯಾರೂ ಅದನ್ನು ನಕಲಿ ಎನ್ನುವುದಿಲ್ಲ.

ಕರ್ನಾಟಕದಲ್ಲಿ ಬೌಲಿಂಗ್ ಎಂದರೆ ಬಹುಕಾಲ ಬೆಂಗಳೂರೇ, ಅದರಲ್ಲೂ ಚರ್ಚ್ ಸ್ಟ್ರೀಟಿನ ಅಮೀಬಾ. ಕಾಲೇಜು ಹುಡುಗರು ಹುಟ್ಟುಹಬ್ಬಕ್ಕೆ ಹೋಗುತ್ತಿದ್ದ ಆ ಜಾಗದಲ್ಲೇ ರಾಷ್ಟ್ರೀಯ ಟೆನ್‌ಪಿನ್ ಪಂದ್ಯಾವಳಿಗಳೂ ನಡೆದಿವೆ. ಆಕಾಶ್ ಅಶೋಕ್ ಕುಮಾರ್, ಆರ್. ಕಿಶನ್ ಅವರಂಥವರು ರಾಜ್ಯದ ಪರವಾಗಿ ಆಡಿದ್ದಾರೆ. ಏಷ್ಯನ್ ಕ್ರೀಡಾಕೂಟಕ್ಕೆ ಈ ಆಟ 1978ರಲ್ಲೇ, ಬ್ಯಾಂಕಾಕಿನಲ್ಲಿ ಪ್ರವೇಶ ಪಡೆಯಿತು. ಇಷ್ಟಿದ್ದರೂ ನಮ್ಮಲ್ಲಿ ಬೌಲಿಂಗ್ ಮಾಲ್‌ಗಳ ಮೋಜಾಗಿಯೇ ಉಳಿದಿದೆ. ಉತ್ತರ ಕರ್ನಾಟಕದ ಹುಡುಗ ಹುಡುಗಿಯರಿಗೆ ಚೆಂಡು ಮುಟ್ಟುವ ಅವಕಾಶ ಸಿಗುವುದು ಇಂಥ ಹೋಟೆಲುಗಳಲ್ಲೇ. ಆ ಕಾರಣಕ್ಕಾದರೂ ಇವನ್ನು ಬರೀ ತಿಂದು ಕುಣಿಯುವ ಜಾಗ ಎಂದು ತಳ್ಳಿಹಾಕಬಾರದು.

ಊಟವನ್ನೂ ಆಟವನ್ನೂ ಕೂಡಿಸಿದ ವ್ಯಾಪಾರದ ಹಿಂದೆಯೂ ಗಟ್ಟಿ ಲೆಕ್ಕವಿದೆ. ಅಟಾರಿ ಕಂಪನಿ ಕಟ್ಟಿದ ನೋಲನ್ ಬುಶ್ನೆಲ್ 1977ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ಪಿಜ್ಜಾ ಮತ್ತು ವಿಡಿಯೊ ಗೇಮಿನ ಹೋಟೆಲ್ ತೆರೆದ. ಪಿಜ್ಜಾ ಬೇಯಲು ಹೊತ್ತು ಬೇಕು, ಆ ಹೊತ್ತಿನಲ್ಲಿ ಗಿರಾಕಿ ಆಡುತ್ತಾನೆ ಎಂಬುದು ಅವನ ಯೋಚನೆ. ಅರ್ಕಾನ್ಸಾಸಿನಲ್ಲಿ ಡೇವ್ ಎಂಬವನ ಗೇಮಿನ ಮನೆಯೂ ಬಸ್ಟರ್ ಎಂಬವನ ಹೋಟೆಲೂ ಅಕ್ಕಪಕ್ಕದಲ್ಲಿದ್ದವು. ಗಿರಾಕಿಗಳು ಇಲ್ಲಿಂದ ಅಲ್ಲಿಗೆ ಓಡಾಡುವುದನ್ನು ಕಂಡು ಇಬ್ಬರೂ ಸೇರಿ 1982ರಲ್ಲಿ ಡಲ್ಲಾಸಿನಲ್ಲಿ ಒಂದೇ ಸೂರಿನಡಿ ಅಂಗಡಿ ತೆರೆದರು. ರವಿವಾರ ರಾತ್ರಿ ಬೆಳಗಾವಿಯ ಒಳ್ಳೆಯ ಹೋಟೆಲಿನ ಬಾಗಿಲಲ್ಲಿ ಟೇಬಲ್ಲಿಗಾಗಿ ಕಾದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಿಲ್ಲ.

ಊಟದ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯವಿದೆ. ಬೌಲಿಂಗ್ ಚೆಂಡಿನ ಮೂರು ತೂತಿಗೆ ಹೆಬ್ಬೆರಳು, ನಡುಬೆರಳು, ಉಂಗುರ ಬೆರಳು ಹೋಗಬೇಕು. ವೆಜ್ ಕೊಲ್ಹಾಪುರಿಯಲ್ಲಿ ರೊಟ್ಟಿ ಅದ್ದಿದ ಕೈ ಅಲ್ಲಿಗೆ ಹೋದರೆ ಚೆಂಡು ಜಾರುತ್ತದೆ, ಮುಂದಿನವರ ಬೆರಳೂ ಜಿಡ್ಡಾಗುತ್ತದೆ. ಆದ್ದರಿಂದ ಮೊದಲು ಆಟ, ಆಮೇಲೆ ಊಟ. ಆಟದ ನಡುವೆ ಬಾಯಾಡಿಸಲು ಫ್ರೆಂಚ್ ಫ್ರೈಸ್‌ಗಿಂತ ನಮ್ಮ ಭಡಂಗ ಮೇಲು. ಖಾರ, ಶೇಂಗಾ, ಬೆಳ್ಳುಳ್ಳಿಯ ಚುರುಮರಿಯನ್ನು ಚಮಚದಿಂದ ತಿಂದರೆ ಕೈ ಒಣಗಿರುತ್ತದೆ. ಕಡೆಗೆ ಒಂದು ಬಟ್ಟಲು ಕುಂದಾ. ಹೊರಗಿನ ಆಟ ತಂದವರು ಊರಿನ ತಿಂಡಿಯನ್ನೂ ಮೆನುವಿಗೆ ಸೇರಿಸಬೇಕು.

ಇಂಥ ಹೋಟೆಲುಗಳಲ್ಲಿ ಇಡುವ, ಗೊಂಬೆ ಹಿಡಿಯುವ ಉಗುರಿನ ಯಂತ್ರಗಳ ವಿಷಯದಲ್ಲಿ ಮಾತ್ರ ನನಗೆ ಸಮಾಧಾನವಿಲ್ಲ. ಅಂಥ ಯಂತ್ರಗಳಲ್ಲಿ ಉಗುರಿನ ಬಿಗಿ ಎಷ್ಟಿರಬೇಕು, ಎಷ್ಟು ಸಲಕ್ಕೊಮ್ಮೆ ಗಟ್ಟಿ ಹಿಡಿಯಬೇಕು ಎಂದು ಮಾಲೀಕರೇ ಹೊಂದಿಸಲು ಬರುತ್ತದೆ. ಎಂಟು ವರ್ಷದ ಮಗು ತನ್ನ ಕೈಚಳಕದ ಮೇಲೆ ನಂಬಿಕೆಯಿಟ್ಟು ಗೇಮ್ ಕಾರ್ಡಿನ ದುಡ್ಡು ಖಾಲಿ ಮಾಡುತ್ತದೆ. ಬೌಲಿಂಗಿನಲ್ಲಿ ಹಾಗಲ್ಲ. ಚೆಂಡು ಗಟಾರಕ್ಕೆ ಬಿದ್ದರೆ ಬಿಟ್ಟ ಕೈಯದೇ ತಪ್ಪು, ಬಿದ್ದ ಪಿನ್ನು ಎಲ್ಲರ ಕಣ್ಣೆದುರೇ ಬಿದ್ದಿರುತ್ತದೆ. ಮಕ್ಕಳನ್ನು ಕರೆದೊಯ್ಯುವವರು ಇರುವ ದುಡ್ಡನ್ನು ಲೇನಿಗೆ ಹಾಕಲಿ.

ಹೋಟೆಲ್ ಮಾಲೀಕರಿಗೆ ನನ್ನದೊಂದು ಬಿನ್ನಹ. ಪಿನ್ನುಗಳ ಮೇಲಿನ ಬಣ್ಣದ ಹಲಗೆಗಳಲ್ಲಿ ಒಂದನ್ನಾದರೂ ತೆಗೆದು ಗಾಜು ಕೂಡಿಸಿ. ಚೆಂಡು ಬಿಟ್ಟ ಮಗು ಯಂತ್ರ ಕೆಲಸ ಮಾಡುವುದನ್ನೂ ನೋಡಲಿ. ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ಇರುವ ಊರು ನಮ್ಮದು. ಎಂಜಿನಿಯರಿಂಗ್, ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ಆಟೋ ನಗರದ ಮಿಸ್ತ್ರಿಗಳ ಜೊತೆ ಕೂತು ಒಂದು ದಾರದ ಯಂತ್ರ ಕಟ್ಟಿ ನೋಡಲಿ. ಮೋಟರು, ರಾಟೆ, ಬೇರಿಂಗು, ಸ್ವಿಚ್ಚು, ಎರಕದ ಚೌಕಟ್ಟು, ಎಲ್ಲವೂ ಈ ಊರಲ್ಲಿ ಸಿಗುತ್ತವೆ. ಜೋಡಿಸುವ ಕೈಗಳೂ ಇಲ್ಲೇ ಇವೆ. ಬೆಳಗಾವಿಯಲ್ಲೇ ತಯಾರಾದ ಯಂತ್ರ ನಿಲ್ಲಿಸಿದ ಪಿನ್ನುಗಳನ್ನು ಬೆಳಗಾವಿಯ ಮಕ್ಕಳು ಕೆಡವಲಿ.