ಲಾಳಿ ತಪ್ಪಿದ ಕೈ

ಮೊಳಕಾಲ್ಮೂರಿನ ಆ ಓಣಿಯಲ್ಲಿ ಬೆಳಗಾಗುತ್ತಲೇ ಮಗ್ಗದ ಸದ್ದು. 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಇಲ್ಲಿನ ರೇಷ್ಮೆ ಸೀರೆ ಹುಟ್ಟುವುದು ಇಂಥ ಮನೆಗಳಲ್ಲೇ. ನಾನು ಹೋದ ಮನೆಯಲ್ಲಿ ಮಗ್ಗದ ಕುಣಿಗೆ ಕಾಲಿಳಿಸಿ ಕೂತಿದ್ದವಳು ಹೆಂಡತಿ. ಗಂಡ ಗೋಡೆಗೊರಗಿ, ಬಲಗೈಯನ್ನು ತೊಡೆಯಡಿ ಅದುಮಿಟ್ಟುಕೊಂಡಿದ್ದ.

ಚಹಾ ಬಂತು. ನನಗೆ ತುಂಬಿದ ಲೋಟ, ಅವನಿಗೆ ಅರ್ಧ. ಆತ ಕೈ ಹೊರತೆಗೆದ. ಸುಮ್ಮನಿದ್ದಾಗಲೂ ಮೆಲ್ಲಗೆ ಅಲುಗುತ್ತಿದ್ದ ಕೈ ಲೋಟದ ಹತ್ತಿರ ಹೋದಷ್ಟೂ ಜೋರಾಗಿ ಕುಣಿಯಿತು. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಹಿಡಿದರೂ ತುಟಿಗೆ ಮುಟ್ಟುವ ಹೊತ್ತಿಗೆ ಎರಡು ಗುಟುಕು ಅಂಗಿಯ ಮೇಲೆ.

“ಕುಡುಕ ಅಂತಾರೆ ಸಾರ್. ನಾನು ಎಲೆ ಅಡಿಕೇನೂ ಮುಟ್ಟಲ್ಲ.”

ಚಳ್ಳಕೆರೆಯಿಂದ ಬರುವಾಗ ರಸ್ತೆಗೆ ಹರವಿದ್ದ ರಾಗಿ ಹುಲ್ಲಿನ ಮೇಲೆ ಬೈಕು ಜಾರಿತ್ತು. ಹೆಲ್ಮೆಟ್ಟು ಕನ್ನಡಿಗೆ ನೇತಾಡುತ್ತಿತ್ತು. ಕೆಲ ದಿನ ಎಚ್ಚರವಿರಲಿಲ್ಲ. ಆಮೇಲೆ ನಡೆದುಕೊಂಡೇ ಮನೆಗೆ ಬಂದ, ಗಾಯವೂ ಮಾಯಿತು. ಮೂರು ತಿಂಗಳ ಮೇಲೆ ಲಾಳಿ ತಪ್ಪತೊಡಗಿತು.

ತಡವಾಗಿ ಬರುವುದೇ ಈ ನಡುಕದ ಗುಣ. ತಲೆ ಬಡಿದ ರಭಸಕ್ಕೆ ಮಿದುಳು ಬುರುಡೆಯೊಳಗೆ ತಿರುಚಿಕೊಂಡು, ನರದ ಉದ್ದನೆಯ ಎಳೆಗಳು ಜಗ್ಗಿ ಹರಿಯುತ್ತವೆ. ಕಿರುಮಿದುಳಿನಿಂದ ನಡುಮಿದುಳಿನ ಮೂಲಕ ಮೇಲೇರುವ ದಾರಿ ಕೆಟ್ಟರೆ ಕೈಗೆ ಹದ ತಪ್ಪುತ್ತದೆ. 1904ರಲ್ಲಿ ಬ್ರಿಟನ್ನಿನ ನರವೈದ್ಯ ಗಾರ್ಡನ್ ಹೋಮ್ಸ್ ಇಂಥ ನಡುಕವನ್ನು ವಿವರಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ಸೆಕೆಂಡಿಗೆ ಐದಕ್ಕಿಂತ ಕಡಿಮೆ ಬಾರಿಯ ನಿಧಾನದ ಅಲುಗಾಟ. ಪೆಟ್ಟು ಬಿದ್ದ ಕೆಲವು ವಾರಗಳಿಂದ ಎರಡು ವರ್ಷದೊಳಗೆ ಯಾವಾಗಲಾದರೂ ಶುರುವಾಗಬಹುದು. ಕೆಲವರಿಗೆ ನಡುಕದ ಬದಲು ಕತ್ತೋ ಪಾದವೋ ತಿರುಚಿಕೊಳ್ಳುತ್ತದೆ.

ಮದ್ದಿಲ್ಲವೆಂದಲ್ಲ. ಮಾತ್ರೆಗಳಿವೆ, ತಿರುಚಿದ ಸ್ನಾಯುವಿಗೆ ಬೊಟುಲಿನಮ್ ಚುಚ್ಚುಮದ್ದಿದೆ. ಯಾವುದಕ್ಕೂ ಬಗ್ಗದಿದ್ದರೆ ಮಿದುಳಿನ ಆಳಕ್ಕೆ ತಂತಿ ಇಳಿಸುವ ಶಸ್ತ್ರಚಿಕಿತ್ಸೆಯೂ ಇದೆ. ಒಬ್ಬರಿಗೆ ಹಿಡಿದ ಮಾತ್ರೆ ಇನ್ನೊಬ್ಬರಿಗೆ ಹಿಡಿಯದು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಗೆ ಇಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಹೋಗಿ ಬಂದ ದಿನ ಮಗ್ಗ ನಿಲ್ಲುತ್ತದೆ, ಕೂಲಿಯೂ ನಿಲ್ಲುತ್ತದೆ.

ಈಗ ಆತ ಎಡಗೈಯಲ್ಲಿ ರಾಟೆ ತಿರುಗಿಸಿ ಹೆಂಡತಿಗೆ ಕಂಡಿಕೆ ಸುತ್ತಿಕೊಡುತ್ತಾನೆ. ಹೊರಡುವಾಗ ಆಕೆ ಟ್ರಂಕಿನಿಂದ ಹಳೆಯ ಸ್ಕ್ಯಾನಿನ ಲಕೋಟೆ ತೆಗೆದು ತೋರಿಸಿದಳು. ಸೀರೆಯಂತೆಯೇ ಮಡಿಸಿಟ್ಟಿದ್ದಳು.

ನಿಮ್ಮ ಮನೆಯಲ್ಲೂ ತಲೆಗೆ ಪೆಟ್ಟು ತಿಂದವರಿದ್ದರೆ ಆ ಲಕೋಟೆ ಎಸೆಯಬೇಡಿ. ತಿಂಗಳುಗಳ ಮೇಲೆ ಕೈ ನಡುಗಿದರೆ ಡಾಕ್ಟರಿಗೆ ಮೊದಲು ಆ ಹಳೆಯ ಪೆಟ್ಟಿನ ಸುದ್ದಿ ಹೇಳಿ. ಕುಡುಕನೆಂದು ಮಾತ್ರ ಅನ್ನಬೇಡಿ.